ದಿಂಬಿನ ಲೆಕ್ಕ, ತೂಕದ ಲೆಕ್ಕ: ಹಾರ್ಟ್ ಫೇಲ್ಯೂರ್ ಇರುವವರ ಉಬ್ಬಸಕ್ಕೆ ಮನೆಯ ಆರೈಕೆ

ಉಸಿರು ಕಟ್ಟುತ್ತದೆ ಅಂತ ವಾರ್ಡಿಗೆ ಬಂದವರಿಗೆ ಬಿ.ಪಿ. ಪಟ್ಟಿ ಕಟ್ಟುತ್ತಲೇ ನಾನು ಒಂದು ಪ್ರಶ್ನೆ ಕೇಳುತ್ತೇನೆ. "ಅಜ್ಜಾರು ಎಷ್ಟು ದಿಂಬು ಇಟ್ಕೊಂಡು ಮಲಗ್ತಾರೆ?" ಮಗನಿಗೆ ಸಿಟ್ಟು ಬರುತ್ತದೆ. ಇಲ್ಲಿ ಜೀವ ಹೋಗ್ತಿದೆ, ಇವಳಿಗೆ ದಿಂಬಿನ ಚಿಂತೆ ಅಂತ. ಉತ್ತರ ಕೊಡುವುದು ಸಾಮಾನ್ಯವಾಗಿ ಸೊಸೆ. "ಮೊದಲು ಒಂದಿತ್ತು ಸಿಸ್ಟರ್. ಭಾನುವಾರದಿಂದ ಮೂರು. ನಿನ್ನೆ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದರು." ಅಷ್ಟು ಕೇಳಿದರೆ ಅರ್ಧ ಕಥೆ ಸಿಕ್ಕಂತೆ.

ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಅತ್ತ ಚಳ್ಳಕೆರೆ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಒಬ್ಬರು ದಮ್ಮು ಅನ್ನುತ್ತಾರೆ, ಒಬ್ಬರು ತೇಕು ಅನ್ನುತ್ತಾರೆ, ಬಹಳ ಜನ ಗ್ಯಾಸ್ ಅನ್ನುತ್ತಾರೆ. ಹಾರ್ಟ್ ಫೇಲ್ಯೂರ್ ಅಂತ ಡಾಕ್ಟರ್ ಈಗಾಗಲೇ ಹೇಳಿ, ಮಾತ್ರೆ ನಡೆಯುತ್ತಿರುವವರ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಉಬ್ಬಸ ಶುರುವಾಗಿದ್ದರೆ ಓದುತ್ತಾ ಕೂರಬೇಡಿ. ಮೊದಲು ಹೋಗಿ ಇ.ಸಿ.ಜಿ., ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಯಿತು ಅಂತ ಅಲ್ಲ. ಪಂಪ್ ಓಡುತ್ತಿದೆ, ಒತ್ತಡ ಸಾಲುತ್ತಿಲ್ಲ. ಭದ್ರಾ ನಾಲೆಯ ತೂಬಿಗೆ ಕಸ ಕಟ್ಟಿಕೊಂಡರೆ ನೀರು ಹಿಂದಕ್ಕೆ ನಿಂತು ಬದು ದಾಟಿ ಗದ್ದೆಗೆ ನುಗ್ಗುತ್ತದಲ್ಲ, ಹಾಗೇ ಇದು. ಮುಂದಕ್ಕೆ ಹೋಗದ ರಕ್ತ ಹಿಂದೆ ಒತ್ತಿದಾಗ ಅದರಲ್ಲಿನ ನೀರು ಶ್ವಾಸಕೋಶಕ್ಕೆ ಜಿನುಗುತ್ತದೆ. ಕಾಲಿಗೂ ಇಳಿಯುತ್ತದೆ. ಹಗಲೆಲ್ಲ ಕಾಲಲ್ಲಿ ನಿಂತ ನೀರು, ಮಲಗಿದ ಮೇಲೆ ಮತ್ತೆ ರಕ್ತಕ್ಕೆ ಸೇರಿ ಎದೆ ಕಡೆ ಬರುತ್ತದೆ. ಅದಕ್ಕೇ ನಿದ್ದೆ ಹತ್ತಿದ ಒಂದೆರಡು ಗಂಟೆಗೆ ಇವರು ದಡಕ್ಕನೆ ಎದ್ದು ಕೂರುತ್ತಾರೆ, ಕಿಟಕಿ ಹತ್ತಿರ ಓಡುತ್ತಾರೆ.

ಉಸಿರು ಹತ್ತಿದ ಆ ಹೊತ್ತಿಗೆ

ಒಂದು, ಎಬ್ಬಿಸಿ ಕೂರಿಸಿ. ಮಂಚದ ಅಂಚಿಗೆ ತಂದು ಎರಡೂ ಕಾಲು ಕೆಳಗೆ ಇಳಿಬಿಡಿ. ಸುಸ್ತಾಗಿದೆ, ಮಲಗಲಿ ಅಂತ ಅಂಗಾತ ಮಲಗಿಸಬೇಡಿ. ಕಾಲು ಮೇಲೆತ್ತಿ ಒತ್ತಬೇಡಿ. ಕಾಲು ಕೆಳಗಿದ್ದರೆ ಹೃದಯಕ್ಕೆ ವಾಪಸ್ ಬರುವ ರಕ್ತ ಸ್ವಲ್ಪ ಕಮ್ಮಿಯಾಗುತ್ತದೆ, ಎದೆಯ ಭಾರ ಇಳಿಯುತ್ತದೆ. ಖರ್ಚಿಲ್ಲದ ಕೆಲಸ ಇದು. ನಿಮಿಷದೊಳಗೆ ವ್ಯತ್ಯಾಸ ಕಂಡವರನ್ನು ನಾನು ಬಹಳ ನೋಡಿದ್ದೇನೆ.

ಎರಡು, ಕೈಗೆ ಆಸರೆ ಕೊಡಿ. ಎದುರಿಗೆ ಟೇಬಲ್ಲೋ ಸ್ಟೂಲೋ ಇಟ್ಟು, ಅದರ ಮೇಲೆ ಎರಡು ದಿಂಬು ಹಾಕಿ, ಮುಂದಕ್ಕೆ ಬಾಗಿ ಮೊಣಕೈ ಊರಲಿ. ತೋಳಿನ ಭಾರ ದಿಂಬಿಗೆ ಹೋದರೆ ಎದೆಯ ಸ್ನಾಯುಗಳಿಗೆ ಉಸಿರೆಳೆಯುವುದು ಸಲೀಸು. ಚಾಪೆ ಮೇಲೆ ಮಲಗುವವರಾದರೆ ಇಬ್ಬರು ಹಿಡಿದು ಕುರ್ಚಿಗೆ ಕೂರಿಸಿ. ಅವರಾಗಿ ನೆಲ ಊರಿ ಏಳಲು ಬಿಡಬೇಡಿ.

ಮೂರು, ಗಾಳಿ. ಬೀಸಣಿಗೆಯೋ ಟೇಬಲ್ ಫ್ಯಾನೋ ಸೀದಾ ಮುಖಕ್ಕೆ, ಮೂಗು ಮತ್ತು ಕೆನ್ನೆಗೆ ತಾಗಲಿ. ಮುಖಕ್ಕೆ ತಂಪು ಗಾಳಿ ತಗುಲಿದರೆ ಉಸಿರು ಸಾಲದು ಅನ್ನುವ ಸಂಕಟ ಕಮ್ಮಿಯಾಗುತ್ತದೆ. ಶೀತ ಆಗುತ್ತೆ ಅಂತ ಕಿಟಕಿ ಮುಚ್ಚುವ ಅತ್ತೆಯರು ಪ್ರತಿ ಮನೆಯಲ್ಲೂ ಇದ್ದಾರೆ, ಅವರನ್ನು ಹೇಗೋ ಒಪ್ಪಿಸಿ. ಕುತ್ತಿಗೆ ಗುಂಡಿ, ಸೊಂಟದ ಉಡುದಾರ, ಸೀರೆಯ ಬಿಗಿ ಸಡಿಲ ಮಾಡಿ.

ನಾಲ್ಕು, ಕೋಣೆ ಖಾಲಿ ಮಾಡಿಸಿ. ಅಕ್ಕಪಕ್ಕದವರೆಲ್ಲ ಬಂದು ಸುತ್ತ ನಿಂತು "ಏನಾಯ್ತು, ಏನು ತಿಂದ್ರಿ" ಅಂತ ಕೇಳಿದರೆ ಪಾಪ, ಉತ್ತರ ಹೇಳಲು ಅವರ ಬಳಿ ಉಸಿರಿಲ್ಲ. ಒಬ್ಬರು ಮಾತ್ರ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಡಿ. ಹೌದು, ಇಲ್ಲ ಅಂತ ತಲೆ ಆಡಿಸಿದರೆ ಸಾಕಾಗುವಂಥ ಪ್ರಶ್ನೆ ಮಾತ್ರ ಕೇಳಿ.

ಐದು, ಉಸಿರಿನ ತಾಳ. ಮೂಗಿನಲ್ಲಿ ಎರಡು ಎಣಿಸುವಷ್ಟು ಹೊತ್ತು ಒಳಗೆ, ತುಟಿ ಚೂಪು ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ಹೊರಗೆ. ಬಿಸಿ ಟೀ ಆರಿಸುವ ಹಾಗೆ ಊದಿ ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ. ನೀವೂ ಅವರ ಜೊತೆ ಮಾಡಿ. ಇದನ್ನು ಆರಾಮ ಇದ್ದಾಗಲೇ ದಿನಕ್ಕೆರಡು ಸಲ ಅಭ್ಯಾಸ ಮಾಡಿಸಿ. ಗಾಬರಿಯಲ್ಲಿ ಹೊಸದು ಕಲಿಯಲು ಯಾರಿಂದಲೂ ಆಗದು.

ಇಷ್ಟು ಮಾಡುತ್ತಿರುವಾಗಲೇ ಇನ್ನೊಬ್ಬರು ಈ ಲಕ್ಷಣಗಳನ್ನು ನೋಡುತ್ತಿರಬೇಕು. ಕೂತರೂ ಉಬ್ಬಸ ಇಳಿಯುತ್ತಿಲ್ಲ. ಒಂದು ಪೂರ್ತಿ ಮಾತು ಆಡಲು ಆಗುತ್ತಿಲ್ಲ. ಕೆಮ್ಮಿದರೆ ಬಿಳಿ ಅಥವಾ ತಿಳಿ ಗುಲಾಬಿ ನೊರೆ ಬರುತ್ತಿದೆ. ತುಟಿ ನೀಲಿಯಾಗಿದೆ, ಮೈ ತಣ್ಣಗಾಗಿ ಬೆವರುತ್ತಿದೆ. ಎದೆನೋವು, ತಲೆ ಸುತ್ತಿ ಬೀಳುವುದು, ಮಾತು ತೊದಲುವುದು, ಮಂಪರು. ಇದರಲ್ಲಿ ಒಂದೇ ಒಂದು ಇದ್ದರೂ ತಕ್ಷಣ 108ಕ್ಕೆ ಫೋನ್. ಹೃದಯದ ರೋಗಿ, ಉಸಿರಾಟದ ತೊಂದರೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಊರಿನ ಹೆಸರಿನ ಜೊತೆ ದೇವಸ್ಥಾನ, ಶಾಲೆ, ಬಸ್ ಸ್ಟಾಂಡ್ ಹೀಗೆ ಗುರುತು ಹೇಳಿ, ಒಬ್ಬರನ್ನು ರಸ್ತೆಗೆ ನಿಲ್ಲಿಸಿ. ಗಾಡಿಯಲ್ಲೂ ಕೂರಿಸಿಯೇ ಕರೆದೊಯ್ಯಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿಕೊಂಡು ಬರುವವರು ಇನ್ನೂ ಇದ್ದಾರೆ. ದಾರಿಯುದ್ದಕ್ಕೂ ರೋಗಿ ನೀರಲ್ಲಿ ಮುಳುಗಿದಂತೆ ಒದ್ದಾಡಿರುತ್ತಾರೆ.

ಆ ಹೊತ್ತಿಗೆ ಕೊಡಬಾರದ್ದು: ನೀರು, ಗಂಜಿ, ಸೋಡಾ, ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಪಕ್ಕದ ಮನೆಯವರು ಕೊಡುವ ಮಾತ್ರೆ. ಆ ಮಾತ್ರೆ ಬಿ.ಪಿ.ಯನ್ನು ದಢಾರನೆ ಇಳಿಸಬಹುದು. ನಿಮ್ಮ ಡಾಕ್ಟರ್ ನಿಮ್ಮ ರೋಗಿಗೆ ಬರೆದುಕೊಟ್ಟಿದ್ದರೆ ಮಾತ್ರ, ಅವರು ಹೇಳಿದ ರೀತಿಯಲ್ಲಿ ಕೊಡಿ.

ನರ್ಸ್ ಮನೆಯಲ್ಲೇ ಆದ ಎಡವಟ್ಟು

ನಮ್ಮ ಮಾವನವರಿಗೂ ಇದೇ ಕಾಯಿಲೆ ಇದೆ. ಒಮ್ಮೆ ಹಿರಿಯೂರಲ್ಲಿ ನೆಂಟರ ಮದುವೆ. ಬಸ್ಸಿನಲ್ಲಿ ಪದೇ ಪದೇ ಮೂತ್ರಕ್ಕೆ ಇಳಿಯಲು ಆಗಲ್ಲ ಅಂತ ಎರಡು ದಿನ ಮೂತ್ರದ ಮಾತ್ರೆ (ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ) ನುಂಗಲೇ ಇಲ್ಲ, ನಮಗೆ ಹೇಳಲೂ ಇಲ್ಲ. ಪಂಕ್ತಿಯಲ್ಲಿ ಹಪ್ಪಳ ಎರಡೆರಡು ಸಲ, ಉಪ್ಪಿನಕಾಯಿ, ಮೇಲೆ ಎರಡು ಲೋಟ ಮಜ್ಜಿಗೆ. ವಾಪಸ್ ಬಂದ ದಿನ ಚಪ್ಪಲಿ ಬಿಗಿಯಾಗಿದೆ ಅಂದರು. ಮರುದಿನ "ಯಾಕವ್ವಾ, ಹೊಟ್ಟೆ ಉಬ್ಬಿದಂಗೈತಿ, ಊಟ ಬ್ಯಾಡ" ಅಂದರು. ನಾನು, ಇಷ್ಟು ವರ್ಷ ವಾರ್ಡಿನಲ್ಲಿ ಇದನ್ನೇ ನೋಡಿದವಳು, ಗ್ಯಾಸ್ ಇರಬೇಕು ಅಂತ ನೊರೆ ಬರುವ ಪುಡಿ ಕಲಸಿ ಕೊಟ್ಟೆ. ಆ ಪುಡಿಯಲ್ಲೂ ಸೋಡಿಯಂ ಇದೆ, ಉಪ್ಪಿನಲ್ಲಿ ನೀರು ಹಿಡಿದಿಡುವ ಅಂಶವೇ ಅದು. ಮೂರನೇ ರಾತ್ರಿ ಎರಡು ಗಂಟೆಗೆ ಅವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಬದುಕಿದರು. ಆದರೆ ಚಪ್ಪಲಿ ಬಿಗಿಯಾದ ದಿನವೇ ಒಂದು ಫೋನ್ ಮಾಡಿದ್ದರೆ ಆ ರಾತ್ರಿ ಬರುತ್ತಲೇ ಇರಲಿಲ್ಲವೇನೋ.

ರಾತ್ರಿ ಬರುವ ಉಬ್ಬಸ ಬಹಳ ಸಲ ಎರಡು ಮೂರು ದಿನ ಮೊದಲೇ ಕಾಲು ಇಟ್ಟಿರುತ್ತದೆ. ಅದನ್ನು ಹಿಡಿಯಲು ಬೆಳಗ್ಗೆ ಐದು ನಿಮಿಷ ಸಾಕು.

ಬೆಳಗಿನ ಐದು ನಿಮಿಷ

ಒಂದು ತೂಕದ ಯಂತ್ರ ಕೊಳ್ಳಿ. ಆಸ್ಪತ್ರೆಯ ಒಂದು ದಿನದ ಖರ್ಚಿಗಿಂತ ಅಗ್ಗ. ಬೆಳಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ದಿನಾ ಒಂದೇ ಥರದ ಬಟ್ಟೆಯಲ್ಲಿ ತೂಕ ನೋಡಿ. ಯಂತ್ರ ಗಟ್ಟಿ ನೆಲದ ಮೇಲಿರಲಿ, ಚಾಪೆ ಮೇಲೆ ಬೇಡ. ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲೇ ಬರೆದುಬಿಡಿ, ಬೇರೆ ಪುಸ್ತಕ ಇಟ್ಟರೆ ವಾರದೊಳಗೆ ಕಳೆದುಹೋಗುತ್ತದೆ.

ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ರಾತ್ರಿ ಬೆಳಗಾಗುವುದರೊಳಗೆ ಯಾರೂ ಕಿಲೋಗಟ್ಟಲೆ ದಪ್ಪ ಆಗುವುದಿಲ್ಲ. ಒಂದು ದಿನದಲ್ಲಿ ಒಂದರಿಂದ ಒಂದೂವರೆ ಕಿಲೋ, ಅಥವಾ ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಮೈಯಲ್ಲಿ ನಿಂತ ನೀರು. ಉಬ್ಬಸ ಇರಲಿ ಇಲ್ಲದಿರಲಿ, ಅವತ್ತೇ ಡಾಕ್ಟರಿಗೆ ತಿಳಿಸಿ. ಕೆಲವು ಡಾಕ್ಟರು ತೂಕ ಇಷ್ಟು ಏರಿದರೆ ಮೂತ್ರದ ಮಾತ್ರೆ ಇಷ್ಟು ಹೆಚ್ಚಿಸಿ ಅಂತ ಚೀಟಿಯಲ್ಲೇ ಬರೆದುಕೊಡುತ್ತಾರೆ. ಮುಂದಿನ ಸಲ ಹೋದಾಗ ಕೇಳಿ ಬರೆಸಿಕೊಳ್ಳಿ. ಬರೆಯದೆ ಇದ್ದರೆ ನೀವೇ ಹೆಚ್ಚಿಸಬೇಡಿ.

ತೂಕ ಆದ ಮೇಲೆ ಕಾಲು. ಮೊಣಕಾಲ ಕೆಳಗಿನ ಮುಂದಿನ ಎಲುಬಿನ ಮೇಲೆ ಹೆಬ್ಬೆರಳಿಂದ ಐದು ಎಣಿಸುವ ತನಕ ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಕಾಲಲ್ಲಿ ನೀರು ನಿಂತಿದೆ. ಇನ್ನೊಂದು ಮಾತು, ಮನೆಯವರು ಇದನ್ನು ನೋಡುವುದೇ ಇಲ್ಲ: ಸದಾ ಹಾಸಿಗೆಯಲ್ಲಿರುವವರ ಬಾವು ಕಾಲಿಗಿಂತ ಸೊಂಟದ ಹಿಂಭಾಗದಲ್ಲಿ, ಕುಂಡೆಯ ಮೇಲೆ ಕಾಣಿಸುತ್ತದೆ. ಮೈ ಒರೆಸುವಾಗ ಅಲ್ಲೂ ಒತ್ತಿ ನೋಡಿ.

ಕೊನೆಗೆ ರಾತ್ರಿಯ ಸುದ್ದಿ. ಎಷ್ಟು ದಿಂಬು, ಎಷ್ಟು ಸಲ ಎದ್ದರು, ಮಲಗಿದಾಗ ಒಣ ಕೆಮ್ಮು ಬಂತಾ, ಚಪ್ಪಲಿ ಹಾಕಲು ಬಗ್ಗಿದರೆ ಉಸಿರು ಹತ್ತುತ್ತಾ? ದಿಂಬು ಒಂದು ಹೆಚ್ಚಾದರೂ ಕ್ಯಾಲೆಂಡರಿಗೆ ಬರೆಯಿರಿ.

ಉಪ್ಪಿನ ಜಗಳ

ಇದರಲ್ಲಿ ನಾನು ಸೋತಷ್ಟು ಬೇರೆ ಯಾವುದರಲ್ಲೂ ಸೋತಿಲ್ಲ. ಉಪ್ಪು ನೀರನ್ನು ಹಿಡಿದಿಡುತ್ತದೆ, ಅಷ್ಟೇ ವಿಷಯ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ತಲೆ ತಟ್ಟಿದ ಒಂದು ಟೀ ಚಮಚಕ್ಕಿಂತ ಕಮ್ಮಿ ಇರಬೇಕು. ನಿಮ್ಮ ಡಾಕ್ಟರ್ ಬೇರೆ ಅಳತೆ ಹೇಳಿದ್ದರೆ ಅದೇ ಸರಿ.

ಒಳ್ಳೆ ಸುದ್ದಿ ಅಂದರೆ ನಮ್ಮ ಕಡೆಯ ಮುಖ್ಯ ಊಟದಲ್ಲಿ ತಕರಾರಿಲ್ಲ. ರಾಗಿ ಮುದ್ದೆ, ಜೋಳದ ರೊಟ್ಟಿ, ಅನ್ನ ಇವಕ್ಕೆ ಉಪ್ಪು ಬೇಕೇ ಇಲ್ಲ. ಕಷ್ಟ ಇರುವುದು ಪಕ್ಕದಲ್ಲಿ ಬಡಿಸುವುದರಲ್ಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಅಂಗಡಿಯ ಚಟ್ನಿಪುಡಿ. ಹಪ್ಪಳಕ್ಕೆ ಉಪ್ಪಿನ ಜೊತೆ ಹಪ್ಪಳದ ಖಾರವೂ ಬೀಳುತ್ತದೆ, ಅದೂ ಸೋಡಿಯಂ. ಇನ್ನು ಸಂಜೆಯ ಮಂಡಕ್ಕಿ ಮಿರ್ಚಿ! ಮಂಡಕ್ಕಿ ಹುರಿಯುವ ಮುಂಚೆ ಅಕ್ಕಿಗೆ ಉಪ್ಪು ಹಾಕಿರುತ್ತಾರೆ, ಮಿರ್ಚಿ ಹಿಟ್ಟಿಗೆ ಉಪ್ಪು ಮತ್ತು ಅಡುಗೆ ಸೋಡಾ. ದಾವಣಗೆರೆಯವರಿಗೆ ಮಂಡಕ್ಕಿ ಬಿಡಿ ಅನ್ನುವುದು ಉಸಿರಾಡಬೇಡಿ ಅಂದ ಹಾಗೇ, ಗೊತ್ತು. ಬೆಣ್ಣೆ ದೋಸೆಗಾದರೂ ಯಾವಾಗಲೋ ಒಮ್ಮೆ ಅಂತ ರಾಜಿ ಆಗಬಹುದು, ಚಟ್ನಿ ಪಲ್ಯ ಎರಡೆರಡು ಸಲ ಹಾಕಿಸಿಕೊಳ್ಳದಿದ್ದರೆ. ದಿನಾ ಸಂಜೆ ಮಿರ್ಚಿಗೆ ರಾಜಿ ಇಲ್ಲ.

ಎಲ್ಲರಿಗೂ ಸಪ್ಪೆ ಅಡುಗೆ ಮಾಡಿದರೆ ಮನೆಯಲ್ಲಿ ಜಗಳ ಶುರು. ಸಾರು ಕುದಿಯುವಾಗ ಉಪ್ಪು ಹಾಕುವ ಮೊದಲೇ ಅವರ ಪಾಲು ಒಂದು ಸಣ್ಣ ಪಾತ್ರೆಗೆ ತೆಗೆದಿಡಿ. ಇಡೀ ದಿನಕ್ಕೆ ಅವರ ಅಡುಗೆಗೆ ಎಷ್ಟು ಉಪ್ಪು ಬೇಕೋ ಅಷ್ಟನ್ನು, ಅರ್ಧ ಚಮಚ ಅಂದುಕೊಳ್ಳಿ, ಬೆಳಗ್ಗೆಯೇ ಸಣ್ಣ ಡಬ್ಬಿಗೆ ಹಾಕಿಡಿ. ಡಬ್ಬಿ ಖಾಲಿಯಾದರೆ ಅವತ್ತಿಗೆ ಮುಗಿಯಿತು. ರುಚಿಗೆ ನಿಂಬೆಹುಳಿ, ಬೆಳ್ಳುಳ್ಳಿ ಒಗ್ಗರಣೆ, ಜೀರಿಗೆ, ಮೆಣಸು, ಕೊತ್ತಂಬರಿ ಇವೆ. ಶೇಂಗಾ ಅಥವಾ ಗುರೆಳ್ಳಿನ ಪುಡಿಯನ್ನು ಉಪ್ಪಿಲ್ಲದೆ ಖಾರ, ಬೆಳ್ಳುಳ್ಳಿ ಜಾಸ್ತಿ ಹಾಕಿ ಕುಟ್ಟಿದರೆ ರೊಟ್ಟಿಗೆ ಚೆನ್ನಾಗಿಯೇ ಹೊಂದುತ್ತದೆ. ನಾಲಿಗೆ ಒಗ್ಗಲು ಕೆಲವು ವಾರ ಬೇಕು.

ಸೈಂಧವ ಲವಣ ತಿನ್ನಬಹುದಾ ಅಂತ ಬಹಳ ಜನ ಕೇಳುತ್ತಾರೆ. ಅದೂ ಉಪ್ಪೇ. ಸೋಡಿಯಂ ಕಮ್ಮಿ ಇರುವ ಪ್ಯಾಕೆಟ್ ಉಪ್ಪು ಇನ್ನೂ ಅಪಾಯ ತರಬಹುದು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹಾರ್ಟ್ ಫೇಲ್ಯೂರಿಗೆ ಕೊಡುವ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಎರಡೂ ಸೇರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ದಿನಾ ಎಳನೀರು ಕುಡಿಯುವ ಅಭ್ಯಾಸ ಇದ್ದರೂ ಡಾಕ್ಟರಿಗೆ ಹೇಳಿ.

ನೀರು

ಎಲ್ಲರಿಗೂ ನೀರು ಕಟ್ಟುಪಾಡು ಇಲ್ಲ. ಡಾಕ್ಟರ್ ಒಂದೂವರೆ ಲೀಟರ್ ಅಂದಿದ್ದರೆ ಬೆಳಗ್ಗೆ ಅಷ್ಟನ್ನು ಬಾಟಲಿಗೆ ತುಂಬಿ. ಟೀ, ಮಜ್ಜಿಗೆ, ಅಂಬಲಿ, ಸಾರು ಏನು ಕೊಟ್ಟರೂ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲಿಬಿಡಿ, ಲೆಕ್ಕ ತಪ್ಪುವುದಿಲ್ಲ. ಏಪ್ರಿಲ್ ಬಿಸಿಲಿಗೆ ಬಾಯಿ ಒಣಗಿದರೆ ಬಾಯಿ ಮುಕ್ಕಳಿಸಿ ಉಗಿಯಲಿ, ಸಣ್ಣ ಐಸ್ ಚೂರು ಅಥವಾ ನಿಂಬೆ ಹೋಳು ಚೀಪಲಿ. ದೊಡ್ಡ ಚೊಂಬು ಬಿಟ್ಟು ಸಣ್ಣ ಲೋಟ ಕೊಡಿ. ವಾಂತಿ ಭೇದಿ ಶುರುವಾದರೆ ಮಾತ್ರ ಲೆಕ್ಕ ತಿರುಗುತ್ತದೆ. ಆಗ ಮೂತ್ರದ ಮಾತ್ರೆ ಕಮ್ಮಿ ಮಾಡಬೇಕಾಗಬಹುದು, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಓ.ಆರ್.ಎಸ್.ನಲ್ಲೂ ಉಪ್ಪಿದೆ, ಕೇಳದೆ ಲೀಟರುಗಟ್ಟಲೆ ಕುಡಿಸಬೇಡಿ.

ಮಾತ್ರೆ

ಮೂತ್ರದ ಮಾತ್ರೆ ಬೆಳಗ್ಗೆ. ಎರಡನೇ ಡೋಸ್ ಇದ್ದರೆ ಮಧ್ಯಾಹ್ನ, ಸಂಜೆ 4 ಗಂಟೆ ದಾಟಿಸಬೇಡಿ, ಇಲ್ಲದಿದ್ದರೆ ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ. ಪ್ರಯಾಣ ಇದ್ದ ದಿನ ಬಿಡುವ ಬದಲು ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಮೊದಲೇ ಕೇಳಿ. ನಮ್ಮ ಮಾವ ಕೇಳಲಿಲ್ಲ.

"ನನಗೆ ಶುಗರ್ ಇಲ್ಲ, ಶುಗರ್ ಮಾತ್ರೆ ಯಾಕೆ ಕೊಟ್ಟಿದಾರೆ" ಅಂತ ಡಪಾಗ್ಲಿಫ್ಲೋಜಿನ್ ಎಸೆಯುವವರಿದ್ದಾರೆ. ಈಗ ಅದನ್ನು ಹೃದಯಕ್ಕೂ ಕೊಡುತ್ತಾರೆ. ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆಯನ್ನು ಒಂದೇ ಸಲ ನಿಲ್ಲಿಸಬಾರದು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಮೈಯಲ್ಲಿ ನೀರು ಹಿಡಿಸುತ್ತವೆ, ಕಿಡ್ನಿಗೂ ಪೆಟ್ಟು. ವಾರ ನೋವಿನ ಮಾತ್ರೆ ನುಂಗಿ ಊದಿಕೊಂಡು ಬಂದವರನ್ನು ನಾನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಮಲಗುವ ಜಾಗ

ಒಂದರ ಮೇಲೊಂದು ದಿಂಬು ಪೇರಿಸಿದರೆ ಕುತ್ತಿಗೆ ಬಾಗುತ್ತದೆ, ಎದೆ ಮಾತ್ರ ಚಪ್ಪಟೆಯಾಗೇ ಇರುತ್ತದೆ. ಸೊಂಟದಿಂದ ಮೇಲೆ ಇಳಿಜಾರು ಬೇಕು. ಬೆನ್ನು ಎತ್ತುವ ಮಂಚ ಬಾಡಿಗೆಗೆ ಸಿಗುತ್ತದೆ. ಅದಿಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಕುರ್ಚಿಯನ್ನು ಮಂಚದ ತಲೆಯ ಕಡೆ ಬೋರಲು ಹಾಕಿ. ಅದರ ಬೆನ್ನೇ ಇಳಿಜಾರು, ಮೇಲೆ ಕೌದಿ, ದಿಂಬು. ಅಲ್ಲಾಡದ ಹಾಗೆ ಗೋಡೆಗೆ ತಾಗಿಸಿ. ಎರಡೂ ತೋಳಿನ ಕೆಳಗೆ ಒಂದೊಂದು ದಿಂಬು. ಕೆಳಗೆ ಜಾರದಿರಲು ಮೊಣಕಾಲ ಅಡಿ ಸುತ್ತಿದ ಟವೆಲ್.

ಹೀಗೆ ಕೂತೇ ಇದ್ದರೆ ಕುಂಡೆಯ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಅದರಲ್ಲೂ ಬಾವು ಇರುವ ಕಡೆ. ಎರಡು ಗಂಟೆಗೊಮ್ಮೆ ಸ್ವಲ್ಪ ಪಕ್ಕಕ್ಕೆ ವಾಲಿಸಿ. ಕೈಗೆ ಸಿಗುವಂತೆ ಒಂದು ಗಂಟೆಯೋ ಸ್ಟೀಲ್ ಲೋಟ ಚಮಚವೋ ಇಡಿ, ಕೂಗಲು ಉಸಿರಿಲ್ಲದಾಗ ಬಡಿಯಲಿ.

ಆಕ್ಸಿಜನ್, ನೆಬ್ಯುಲೈಸರ್

ಉಬ್ಬಸ ಇದೆ ಅಂದ ಮಾತ್ರಕ್ಕೆ ಆಕ್ಸಿಜನ್ ಬೇಕು ಅಂತಿಲ್ಲ. ರಕ್ತದಲ್ಲಿ ಆಕ್ಸಿಜನ್ ಕಮ್ಮಿ ಇದ್ದವರಿಗೆ ಮಾತ್ರ, ಡಾಕ್ಟರ್ ಬರೆದಷ್ಟೇ ಲೀಟರ್. ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಯಂತ್ರ 90ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆಗೆ ಹೊರಡಿ. ಬೆರಳು ತಣ್ಣಗಿದ್ದರೆ, ನೇಲ್ ಪಾಲಿಶ್ ಇದ್ದರೆ ಅದು ತಪ್ಪು ತೋರಿಸಬಹುದು, ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಹಾಕಿ. ನಂಬರ್ ಚೆನ್ನಾಗಿದ್ದೂ ರೋಗಿ ಒದ್ದಾಡುತ್ತಿದ್ದರೆ ರೋಗಿಯನ್ನೇ ನಂಬಿ. ಆಕ್ಸಿಜನ್ ಇರುವ ಕೋಣೆಯಲ್ಲಿ ಊದುಬತ್ತಿ, ದೀಪ, ಬೀಡಿ ಬೇಡವೇ ಬೇಡ.

ಹೃದಯದ ಉಬ್ಬಸದಲ್ಲೂ ಅಸ್ತಮಾದಂತೆ ಸುಯ್ ಸುಯ್ ಸದ್ದು ಬರುತ್ತದೆ. ಪಕ್ಕದ ಮನೆಯ ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ತಂದು ಹಿಡಿಸಿ ಹೊತ್ತು ಕಳೆಯಬೇಡಿ. ಎದೆಗೆ ಮುಲಾಮು ತಿಕ್ಕಿದರೂ ಶ್ವಾಸಕೋಶದ ನೀರು ಇಳಿಯುವುದಿಲ್ಲ.

ಸ್ನಾನ, ಊಟ, ಓಡಾಟ

ಸ್ಟೂಲ್ ಮೇಲೆ ಕೂತು ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಬಚ್ಚಲ ಬಾಗಿಲಿಗೆ ಚಿಲಕ ಬೇಡ. ಊಟವಾದ ತಕ್ಷಣ ಸ್ನಾನ ಬೇಡ. ಹೊಟ್ಟೆ ತುಂಬ ಎರಡು ಊಟದ ಬದಲು ನಾಲ್ಕೈದು ಸಣ್ಣ ಊಟ ಕೊಡಿ, ತುಂಬಿದ ಹೊಟ್ಟೆ ಎದೆಯನ್ನು ಒತ್ತುತ್ತದೆ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ತಿಣುಕುವುದು ಇವರಿಗೆ ಬಹಳ ಶ್ರಮ. ಕುಕ್ಕರಗಾಲಲ್ಲಿ ಕೂರಲು ಆಗದವರಿಗೆ ಕಮೋಡ್ ಕುರ್ಚಿ ತನ್ನಿ.

ಹಾಗಂತ ಸದಾ ಮಲಗಿಸಬೇಡಿ. ಉಬ್ಬಸ ಹತೋಟಿಯಲ್ಲಿದ್ದ ದಿನ ಅಂಗಳದಲ್ಲೋ ಕುಂದವಾಡ ಕೆರೆ ಏರಿ ಮೇಲೋ ನಿಧಾನ ನಡೆಯಲಿ. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ಆ ವೇಗ ಸರಿ. ಮಾತು ತುಂಡಾದರೆ ಕೂರಿಸಿ. ಸೌದೆ ಒಲೆ ಹೊಗೆ, ಬೀಡಿ, ಒಕ್ಕಣೆಯ ದೂಳಿನಿಂದ ದೂರ ಇಡಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಒಂದು ಸಣ್ಣ ಜ್ವರ ಸಾಕು ಇವರನ್ನು ಆಸ್ಪತ್ರೆ ಮಂಚಕ್ಕೆ ಹಾಕಲು.

ಚೆಕಪ್ಪಿಗೆ ಹೋಗುವಾಗ

ಒಂದೇ ಚೀಲದಲ್ಲಿ ಈ ಸಲದ ಎಕೋ ರಿಪೋರ್ಟ್, ಹಳೆಯ ಇ.ಸಿ.ಜಿ., ಕಿಡ್ನಿ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ, ನುಂಗುತ್ತಿರುವ ಎಲ್ಲ ಮಾತ್ರೆಯ ಶೀಟು ಇರಲಿ. ನಾಟಿ ಔಷಧಿ ಇದ್ದರೆ ಅದೂ ಇರಲಿ, ಬಯ್ಯುತ್ತಾರೆ ಅಂತ ಮುಚ್ಚಿಡಬೇಡಿ. ಈ ಚೀಲ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದ್ದರೆ ರಾತ್ರಿ 108 ಬಂದಾಗ ಹುಡುಕುವ ಕೆಲಸ ಇಲ್ಲ.

ಕ್ಯಾಲೆಂಡರ್ ಕೂಡ ತನ್ನಿ. ತೂಕ, ದಿಂಬು ಬರೆದ ಆ ಹಾಳೆಯನ್ನು ಡಾಕ್ಟರ್ ಎದುರು ಬಿಚ್ಚಿ. ನಮ್ಮ ಮಾವನ ತೂಕವನ್ನು ಈಗ ಬರೆಯುವುದು ಅತ್ತೆ. ಓದು ಬರಹ ಅಷ್ಟಿಲ್ಲ, ಅಂಕಿ ಮಾತ್ರ ಬರುತ್ತದೆ. ದಿಂಬಿಗೆ ಚಿಕ್ಕ ಚೌಕ ಬರೆಯುತ್ತಾರೆ, ಒಂದು ದಿಂಬಿಗೆ ಒಂದು ಚೌಕ. ಕಳೆದ ತಿಂಗಳು ಒಂದು ಬುಧವಾರ ಚೌಕ ಎರಡಾಗಿತ್ತು. ಅತ್ತೆ ಅವತ್ತೇ ನನಗೆ ಡ್ಯೂಟಿಯಲ್ಲಿದ್ದಾಗ ಫೋನ್ ಮಾಡಿದರು.